ಸೊಟ್ಟ ಸಾಲು

ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಸತ್ಯವ್ವ ಸೆರಗು ಬಿಗಿ ಹಿಡಿದು ಕೂತಿದ್ದಳು. "ಕುಂದರ್ರಿ ವಹಿನಿ, ಹಣಮಪ್ಪ ಗಾಡಿ ಬುಡಕ ಅದಾನ, ಬರ್ತಾನ" ಎಂದು ಗ್ಯಾರೇಜಿನ ಮಾಲೀಕ ಬಾಳಾಸಾಹೇಬ ಆ ಡಬ್ಬಿಯನ್ನು ಕಾಲಿನಿಂದಲೇ ಅವಳತ್ತ ಸರಿಸಿದ್ದ. ಕಾಲಿನಿಂದ ಸರಿಸಿದ್ದು ಹಳ್ಳಿಯವಳು ಎಂಬ ಅಸಡ್ಡೆಗೋ, ಅವನ ಎರಡೂ ಕೈಗೆ ಗ್ರೀಸು ಮೆತ್ತಿದ್ದಕ್ಕೋ ಎಂಬುದು ಅವಳಿಗೆ ಬಗೆಹರಿಯಲಿಲ್ಲ. ತನ್ನೂರು ಬೀಡಿಯಿಂದ ಖಾನಾಪುರ, ಖಾನಾಪುರದಿಂದ ಬೆಳಗಾವಿ, ಅಲ್ಲಿಂದ ಕೇಳುತ್ತ ಕೇಳುತ್ತ ಈ ಆಟೋ ನಗರ. ಬೆಳಗಿನಿಂದ ಎಲ್ಲರ ಮಾತಿನಲ್ಲೂ ಅವಳಿಗೆ ಒಂದು ಮುಳ್ಳು ಸಿಗುತ್ತಿತ್ತು. ಎದುರಿಗಿದ್ದ ಲಾರಿಯ ಕೆಳಗಿನಿಂದ ಎರಡು ಪಾದಗಳು ಮಾತ್ರ ಹೊರಗೆ ಚಾಚಿದ್ದವು. ಗಂಡನವೇ. ಎಡಗಾಲಿನ ಹೆಬ್ಬೆರಳು ಹೊರಕ್ಕೆ ವಾಲಿರುವುದರಿಂದ ಗುರುತು ಸಿಕ್ಕಿತು. ಒಂದು ಕಾಲಕ್ಕೆ ಆ ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಮಣ್ಣು ತುಂಬಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಈಗ ಅದೇ ಬಿರುಕುಗಳಲ್ಲಿ ಕರೀ ಎಣ್ಣೆ. ತನ್ನ ಕಾಲನ್ನು ನೋಡಿಕೊಂಡಳು. ಮಣ್ಣು ಅಲ್ಲಿಯೇ ಇತ್ತು. ಕಾಲನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು, ಎಳೆದುಕೊಂಡದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾಗಿ ಮತ್ತೆ ಹೊರಗೆ ಚಾಚಿದಳು.

ನಿನ್ನೆ ಮುಂಜಾನೆ ಮೈದುನ ಬಂಡೆಪ್ಪ ಅಂಗಳಕ್ಕೆ ಬಂದು ನಿಂತಿದ್ದ. ಹಣಮಪ್ಪ ಬೆಳಗಾವಿ ಸೇರಿದ ಮೇಲೆ ಪ್ರತಿವರ್ಷ ಅವಳ ಹೊಲಕ್ಕೂ ಕೂರಿಗೆ ಹೊಡೆದು ಬಿತ್ತಿಕೊಡುತ್ತಿದ್ದವನು ಅವನೇ. ರೋಹಿಣಿ ಮಳೆ ಇಂದೋ ನಾಳೆಯೋ ಎನ್ನುವಂತಿತ್ತು. ಅದರ ಮುಂಚೆ ಒಣಮಣ್ಣಿನಲ್ಲೇ ಭತ್ತ ಬಿತ್ತಿ ಮುಗಿಸಬೇಕು. ಗೊಬ್ಬರ ಹೊತ್ತು ಹಾಕಿದವಳು ಅವಳು, ಕೂಳೆ ಆರಿಸಿದವಳು ಅವಳು, ಹೆಂಟೆ ಒಡೆದವಳು, ಬೀಜ ಕೇರಿ ಬೂದಿ ಹಚ್ಚಿ ಇಟ್ಟವಳು ಅವಳು. ಉಳಿದದ್ದು ಒಂದೇ ಕೆಲಸ, ಕೂರಿಗೆ ಹಿಡಿದು ಎತ್ತು ಹೊಡೆಯುವುದು. ಬಂಡೆಪ್ಪ ಆಕಾಶ ನೋಡಿ, ಕಟ್ಟೆ ನೋಡಿ, ಅವಳ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿ ಹೇಳಿದ್ದ: "ವೈನಿ, ಈ ವರ್ಷದಿಂದ ಹೊಲ ನನಗ ಪಾಲಿಗೆ. ಅಣ್ಣ ಹೂಂ ಅಂದಾನ. ಬೆಳದದ್ರಾಗ ಅರ್ಧಾ ನಿಮಗ, ಅರ್ಧಾ ನನಗ."

"ಮತ್ತ ನಾ ಏನ್ ಮಾಡ್ಲಿ?" ಎಂದಿದ್ದಳು ಅವಳು. ಕೇಳಬಾರದಿತ್ತು.

"ನೀವೇನು ಸುಮ್ನ ಕುಂದರಬ್ಯಾಡ್ರಿ. ಕಳೆ ತಗಿಯಾಕ ಬರ್ರಿ. ಮಂದಿಗೆ ಕೊಟ್ಟಂಗ ನಿಮಗೂ ಕೂಲಿ ಕೊಡ್ತೀನಿ."

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದೇ ಅವಳನ್ನು ಸುಟ್ಟದ್ದು. ತನ್ನ ಹೊಲದ ಕಳೆಯನ್ನು ತಾನು ಕೂಲಿಗೆ ಕೀಳುವುದು, ಸಂಜೆ ಮೈದುನನ ಮುಂದೆ ಉಳಿದ ಹೆಂಗಸರ ಸಾಲಿನಲ್ಲಿ ಕೈಯೊಡ್ಡಿ ನಿಲ್ಲುವುದು. ಹಾಗೆ ನಿಂತ ತನ್ನನ್ನು ರಾತ್ರಿಯಿಡೀ ಕಣ್ಣಮುಂದೆ ನೋಡಿ ಬೆಳಕು ಹರಿಯುವ ಮುಂಚೆ ಬಸ್ಸು ಹತ್ತಿದ್ದಳು. ಗಂಡನ ಬಾಯಿಂದ ಬಂದ ಹೂಂ ಅನ್ನು ಗಂಡನ ಬಾಯಿಂದಲೇ ವಾಪಸು ತೆಗೆಸಬೇಕು. ಬಂದ ಕೆಲಸ ಅಷ್ಟೇ.

ಕೂರಿಗೆಯ ಮೇಲಿನ ಬಟ್ಟಲಿಗೆ ಬೀಜ ಹಾಕುವವಳು ಹೆಣ್ಣೇ ಆಗಬೇಕು. ಹೆಣ್ಣಿನ ಕೈಯಿಂದ ಬಿದ್ದ ಬೀಜ ಚೆನ್ನಾಗಿ ಹುಟ್ಟುತ್ತದೆ ಎನ್ನುತ್ತಾರೆ. ಆದರೆ ಹಿಡಿಕೆಯನ್ನು ಅವಳು ಮುಟ್ಟಕೂಡದು. ಮುಟ್ಟಿದರೆ ಮಳೆ ಹೋಗುತ್ತದೆ. ಬಟ್ಟಲಿಗೂ ಹಿಡಿಕೆಗೂ ನಡುವೆ ಇರುವುದು ಒಂದು ಗೇಣು. ಮದುವೆಯಾದಾಗಿನಿಂದ ಸತ್ಯವ್ವ ಬೀಜದ ಮುಷ್ಟಿ ಸಡಿಲಿಸುತ್ತ ಕೂರಿಗೆಯ ಹಿಂದೆ ನಡೆದಿದ್ದಾಳೆ, ಮೊದಲು ಗಂಡ ಹೊಡೆದಾಗ, ಆಮೇಲೆ ಬಂಡೆಪ್ಪ ಹೊಡೆದಾಗ. ಆ ಗೇಣನ್ನು ಅವಳ ಕೈ ಒಮ್ಮೆಯೂ ದಾಟಿಲ್ಲ. ಯಾರೂ ತಡೆದು ನಿಲ್ಲಿಸಬೇಕಾಗಿರಲಿಲ್ಲ, ಕೈಗೇ ಗೊತ್ತಿತ್ತು. ಕೈಗೆ ಗೊತ್ತಾದದ್ದು ಅವ್ವನಿಂದ. ಅಪ್ಪ ಚಳಿಜ್ವರದಿಂದ ಕಂಬಳಿಯೊಳಗೆ ನಡುಗುತ್ತಿದ್ದ ವರ್ಷ ಅವ್ವ ಪದ್ಮವ್ವ ತಾನೇ ನೇಗಿಲು ಹೂಡಿ ಎರಡು ಸುತ್ತು ಹೊಡೆದಿದ್ದಳು. ಊರ ಹಿರಿಯರು ಕೂಡಿ ಆ ನೇಗಿಲನ್ನು ಚಾವಡಿಯ ಮುಂದೆ ತರಿಸಿದರು, ತೊಳೆಸಿದರು, ಅವ್ವನ ಕೈಯಿಂದಲೇ ಅರಿಸಿನ ಹಚ್ಚಿಸಿದರು, ಆಮೇಲೆ ಅದಕ್ಕೆ ಅಡ್ಡಬೀಳು ಎಂದರು. ಅವ್ವ ಬಿದ್ದಳು. ಏಳುವಾಗ ಮೂಗಿನ ತುದಿಗೆ ಅರಿಸಿನ ಮೆತ್ತಿಕೊಂಡಿತ್ತು. ಮಂದಿ ನಕ್ಕರು. ಲಂಗದ ಹುಡುಗಿ ಸತ್ಯವ್ವಳೂ ನಕ್ಕಳು. ನಕ್ಕ ಮೇಲೆ ಅವ್ವ ತನ್ನತ್ತಲೇ ನೋಡುತ್ತಿದ್ದಾಳೆಂದು ತಿಳಿಯಿತು. ಅವ್ವ ಬೈಯಲಿಲ್ಲ, ಸಂಜೆ ಎಂದಿನಂತೆ ಜಡೆ ಹಾಕಿದಳು, ಎಂದಿಗಿಂತ ಸ್ವಲ್ಪ ಬಿಗಿಯಾಗಿ. ಆ ವರ್ಷ ಮಳೆ ಬಂತು. ಬಂದದ್ದನ್ನು ಯಾರೂ ಅವ್ವನ ಪಾಲಿಗೆ ಹಿಡಿಯಲಿಲ್ಲ. ಬಾರದೆ ಇದ್ದಿದ್ದರೆ ಮಾತ್ರ ಅದು ಅವ್ವನದಾಗುತ್ತಿತ್ತು.

ಲಾರಿಯ ಕೆಳಗಿನಿಂದ ಪಾದಗಳು ಸರಿದವು, ಮೊಣಕಾಲು ಬಂತು, ಆಮೇಲೆ ಹಣಮಪ್ಪನ ಮುಖ. ಅವಳನ್ನು ಕಂಡೊಡನೆ ಅವನು ಮೊದಲು ಸುತ್ತಲಿನ ಕೆಲಸಗಾರರನ್ನು ನೋಡಿದ. "ಯಾಕ ಬಂದಿ? ಯಾರಿಗೇನಾತು?" ಎಂದ. ಯಾರಿಗೂ ಏನೂ ಆಗಿಲ್ಲ ಎಂದು ತಿಳಿದ ಮೇಲೆ ಅವನ ಗಾಬರಿ ಹೋಗಿ ಆ ಜಾಗದಲ್ಲಿ ಮುಜುಗರ ಬಂದು ಕೂತಿತು. ಬಾಳಾಸಾಹೇಬ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಮನೆತನದ ಮಾತು ತೆಗೆಯುವುದು ಮರ್ಯಾದೆ ಎಂದು ತಿಳಿದವನು. "ಹಣಮಪ್ಪ, ನಿಮ್ಮದು ಊರಾಗ ಹೊಲ ಐತಿ ಅಂದಿದ್ದೆಲ್ಲ. ನೀ ಇಲ್ಲಿ ಲಾರಿ ಪಾಟಾ ಬಡ್ಕೋತ ಕುಂತಿ. ಅಲ್ಲಿ ಹೊಲ ಯಾರು ಮಾಡತಾರೋ?"

"ಯಾರೂ ಇಲ್ರೀ ಶೇಟ್" ಎಂದ ಹಣಮಪ್ಪ. "ಅದಕ್ಕ ತಮ್ಮಗ ಪಾಲಿಗೆ ಹಾಕೀನಿ."

ಯಾರೂ ಇಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದನ್ನು ಅವಳು ಅವನ ಮುಖದಲ್ಲಿ ಹುಡುಕಿ ನೋಡಿದಳು. ಹೆಂಡತಿ ಎದುರಿಗೆ ಕೂತಿದ್ದಾಳೆ ಎಂಬ ಅಳುಕು ಇರಲಿಲ್ಲ, ಮುಚ್ಚಿಡುವ ಯತ್ನವೂ ಇರಲಿಲ್ಲ. ಮನೆಯಲ್ಲಿ ದೀಪ ಇದೆಯೇ ಎಂದರೆ ಇಲ್ಲ ಎನ್ನುವಂತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದಾಗ ಅವನು ಉಂಡ ಅನ್ನ ಯಾರು ಬೆಳೆದದ್ದು? ಮಲಗಿ ಅವಳ ಅಂಗೈ ಸವರಿ "ಕಲ್ಲಾಗ್ಯಾವ" ಎಂದು ಮರುಗಿದನಲ್ಲ, ಆ ಕೈ ಎಲ್ಲಿ ಕಲ್ಲಾಯಿತೆಂದು ತಿಳಿದಿದ್ದ? ಅವಳಿಗೆ ಜೋರಾಗಿ ಅಳಬೇಕೆನಿಸಿತು, ಅಳಲಿಲ್ಲ. ಗ್ಯಾರೇಜಿನಲ್ಲಿ ಅತ್ತರೆ ಊರಿನಿಂದ ಬಂದ ಹೆಂಗಸು ಅತ್ತಳು ಎಂದಷ್ಟೇ ಆಗುತ್ತದೆ. ಡಬ್ಬಿಯಿಂದ ಎದ್ದು ನಿಂತಳು. "ಸ್ವಲ್ಪ ಹೊರಗ ಬರ್ರಿ" ಎಂದಳು.

ಚಹಾದಂಗಡಿಯ ಬಾಜೂಕೆ ಅವಳು ನಿಂತಲ್ಲೇ ಮಾತು ತೆಗೆದಳು. "ಬಂಡೆಪ್ಪಗ ಹೂಂ ಅಂದದ್ದು ವಾಪಸ್ ತಗೋರಿ."

"ಹುಚ್ಚಿ. ಕೊಟ್ಟ ಮಾತು ಹೆಂಗ ತಗೊಳ್ಳಿ? ಅವ ಬಿಟ್ರ ಕೂರಗಿ ಹಿಡಿಯಾವ್ರು ಯಾರದಾರ?"

"ನಾ ಹಿಡೀತೀನಿ."

ಅವಳೇ ಆ ಮಾತಿಗೆ ಬೆಚ್ಚಿದಳು. ಬಸ್ಸಿನಲ್ಲಿ ಬರುವಾಗ ಅದು ಮನಸ್ಸಿನಲ್ಲಿ ಇರಲಿಲ್ಲ. ಹೂಂ ವಾಪಸು ತೆಗೆಸಿ, ಭಾನುವಾರ ನೀವೇ ಬಂದು ಕೂರಿಗೆ ಹೊಡೆದುಕೊಡಿ ಎಂದು ಕೇಳಲು ಬಂದವಳು. ಹಣಮಪ್ಪ ಚಹಾದ ಲೋಟ ಕೆಳಗಿಟ್ಟ. ಸಿಟ್ಟು ಮಾಡಲಿಲ್ಲ. ಅವನ ಕಣ್ಣಿನಲ್ಲಿ ಭಯ ಇತ್ತು, ಖರೇ ಭಯ.

"ಸತ್ಯವ್ವ, ಮಳಿ ಬರಲಿಲ್ಲಂದ್ರ ಇಡೀ ಊರು ನಿನ್ನ ಹೆಸರ ತಗೀತೈತಿ. ನನಗ ಏನಂತಾರ ಗೊತ್ತೈತಿ? ಹೇಂತಿ ಕೈಲೆ ಕೂರಗಿ ಹೊಡಿಸಿದ ಗಂಡಸು ಅಂತಾರ. ಮತ್ತ ನಾ ಬಸ್ಸಿಳದು ಆ ಕಟ್ಟಿ ಮುಂದ ಹೆಂಗ ಹಾಯ್ಲಿ?"

"ನಾ ದಿನಾ ಹಾಯ್ತೀನಿ. ನಾಳೆ ಕೂಲಿ ಮಾಡ್ಕೋತ ಹಾಯೂದಾತು ಅಂದ್ರ ನಿಮಗ ಚಂದ ಕಾಣತೈತೇನು?"

ಅವನು ಕೆಳಗಿಟ್ಟ ಲೋಟವನ್ನು ಬೆರಳಿನಿಂದ ದೂರ ಸರಿಸಿದ. "ನಾ ಹೂಂನೂ ಅನ್ನಂಗಿಲ್ಲ, ಊಹೂಂನೂ ಅನ್ನಂಗಿಲ್ಲ. ನೀ ಏನರೆ ಮಾಡ್ಕೋ" ಎಂದ. ಗ್ಯಾರೇಜಿನಿಂದ ಯಾರೋ ಕೂಗಿದರು. ಹೋಗುವಾಗ ಒಮ್ಮೆ ತಿರುಗಿ "ಉಂಡು ಹೋಗ" ಎಂದ. ಎಲ್ಲಿ, ಹೇಗೆ ಎಂದು ಹೇಳಲಿಲ್ಲ. ಅವನ ಮೇಲೆ ಕನಿಕರ ಬಂತು, ಕನಿಕರದ ಹಿಂದೆಯೇ ಹಟವೂ ಬಂತು. ಇಲ್ಲ ಎನ್ನಲಾರದವನ ಇಲ್ಲಕ್ಕೆ ತಾನೇಕೆ ಹೆದರಬೇಕು?

ಬಸ್ ನಿಲ್ದಾಣಕ್ಕೆ ನಡೆಯುತ್ತ ದಾರಿ ತಪ್ಪಿತು. ಹೊಸದಾಗಿ ಏಳುತ್ತಿದ್ದ ರಾಮತೀರ್ಥ ನಗರದ ಬಯಲಿಗೆ ಬಂದಿದ್ದಳು. ಸುಣ್ಣ ಬಳಿದ ಕಲ್ಲುಗಳನ್ನು ಚೌಕ ಚೌಕವಾಗಿ ನೆಟ್ಟಿದ್ದರು. ಕಲ್ಲುಗಳ ನಡುವೆ ಹುಲ್ಲು ಸಾಲಾಗಿ ಎದ್ದಿತ್ತು, ಹಿಂದೆ ಯಾರೋ ಉತ್ತ ಸಾಲುಗಳಲ್ಲಿ, ಮನೆಯ ಗುರುತನ್ನು ಲೆಕ್ಕಿಸದೆ ಅಡ್ಡ ಹಾದು. ಯಾರು ಬಿತ್ತುತ್ತಿದ್ದರೋ ಇಲ್ಲಿ. ಕಲ್ಲು ನೆಡುವ ಮುಂಚೆ, ಈ ಹೊಲ ಯಾರು ಮಾಡತಾರೆ ಎಂದು ಯಾರಾದರೂ ಕೇಳಿರಬಹುದು, ಯಾರೂ ಇಲ್ರೀ ಎಂದು ಇನ್ನಾವನೋ ಹೇಳಿರಬಹುದು, ಆ ‘ಯಾರೂ ಇಲ್ಲ’ ಎನಿಸಿಕೊಂಡವಳು ಅಲ್ಲೇ ಮಗ್ಗುಲಲ್ಲಿ ಸೆರಗು ಹಿಡಿದು ನಿಂತಿರಬಹುದು. ಸತ್ಯವ್ವ ಬಗ್ಗಿ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿದಳು. ಎರೆಮಣ್ಣು. ಒಳ್ಳೆಯ ಮಣ್ಣು. ಬಸ್ಸಿನ ಕಿಟಕಿಯಲ್ಲಿ ತಲೆಯಾನಿಸಿ ಕೂತಾಗ ಹಿಡಿಕೆ ಮುಟ್ಟಿದರೆ ಮಳೆ ಹೋಗುತ್ತದೆ ಎಂಬುದನ್ನು ತಾನು ನಂಬುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ನಂಬುತ್ತೇನೆ ಎಂದು ಹೊಟ್ಟೆ ಹೇಳಿತು. ಭೂಮಿ ಹೆಣ್ಣು, ಹೆಣ್ಣಿನ ಮೇಲೆ ಹೆಣ್ಣು ಕಬ್ಬಿಣ ಎತ್ತಬಾರದು ಎಂದು ಹಿರಿಯರು ಅವ್ವನಿಗೆ ಹೇಳಿದ್ದರು. ವರ್ಷವಿಡೀ ತನ್ನ ಕೈಯಲ್ಲಿರುವ ಕಳೆ ಕೀಳುವ ಕುರ್ಪಿ ಮತ್ತೆ ಯಾವುದರದು? ಕಟ್ಟಿಗೆಯದೇ? ಕೂತು ಕೆರೆಯುವ ಕಬ್ಬಿಣ ನಡೆಯುತ್ತದೆ, ನಿಂತು ಹಿಡಿಯುವ ಕಬ್ಬಿಣ ನಡೆಯುವುದಿಲ್ಲ. ಅವಳಿಗೆ ನಗು ಬಂತು. ಪಕ್ಕದ ಸೀಟಿನವನು ತಿರುಗಿ ನೋಡಿದ. ಹೆದರಿಕೆ ಹೋಗಿರಲಿಲ್ಲ. ಹೋಗುವವರೆಗೆ ಕಾಯುತ್ತ ಕೂತರೆ ರೋಹಿಣಿ ಮುಗಿದುಹೋಗುತ್ತಿತ್ತು.

ಸಂಜೆ ನೇರ ರಾಜಬೀಯ ಮನೆಗೆ ಹೋದಳು. ಗಂಡ ಸಮದ ತೀರಿಕೊಂಡ ಮೇಲೆ ರಾಜಬೀ ಒಂಟಿಯಾಗಿ ಹೊಲ ನಡೆಸುತ್ತಿದ್ದಳು. ಇಬ್ಬರ ಮನೆಯಲ್ಲೂ ಒಂದೊಂದೇ ಎತ್ತು. ಬಿತ್ತನೆ ಬಂದಾಗ ಎರಡನ್ನೂ ಜೋಡಿ ಮಾಡಿ ಒಂದು ದಿನ ಇವಳ ಹೊಲ, ಮರುದಿನ ಅವಳ ಹೊಲ. ಆ ಜೋಡಿಯ ಹಿಂದೆ ಕೂರಿಗೆ ಹಿಡಿಯುವವನು ಮಾತ್ರ ಎರಡೂ ಕಡೆ ಬಂಡೆಪ್ಪನೇ. ಸತ್ಯವ್ವ ಎಲ್ಲ ಹೇಳಿದಳು. ರಾಜಬೀ ಜೋಳದ ಹಿಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ.

"ಈ ವರ್ಷ ನಿನ್ನ ಹೊಲ ಪಾಲಿಗೆ, ಮುಂದಿನ ವರ್ಷ ನಂದು" ಎಂದಳು. "ಎತ್ತು ನಿಂದೊಂದು, ನಂದೊಂದು. ಬೀಜ ನಮ್ದು. ನಡುವ ಅವ ಯಾಕ ಬೇಕಾಗಿದ್ದ ಹೇಳು?"

"ಮಳಿ ಹೋದ್ರ, ಆಪಾ?"

ರಾಜಬೀಯ ಕೈ ಆಗ ನಿಂತಿತು. "ಹೋದ್ರ ಇಬ್ರೂ ಬೈಸ್ಕೊಳ್ಳೂಣು. ನಾಳೆ ನೀ ಹಿಡಿ, ನಾ ಬಟ್ಟಲಿಗೆ ಹಾಕ್ತೀನಿ. ನಾಡಿದ್ದು ನನ್ನ ಹೊಲದಾಗ ನಾ ಹಿಡೀತೀನಿ. ಪಾಪ ಹತ್ತೂದಾದ್ರ ಸಮಾ ಹತ್ತಲಿ." ರೊಟ್ಟಿಯನ್ನು ಹೆಂಚಿಗೆ ಹಾಕಿ, "ಉಂಡಿಲ್ಲ ನೀ" ಎಂದಳು. ಸತ್ಯವ್ವ ಅಲ್ಲಿಯೇ ಕೂತು ಎರಡು ರೊಟ್ಟಿ ತಿಂದಳು, ಬೆಳಗಿನಿಂದ ಹಸಿದಿದ್ದೆ ಎಂಬುದು ತಿಂದ ಮೇಲೆ ಗೊತ್ತಾಯಿತು.

ಮರುದಿನ ಹೊಲದ ಅಂಚಿನಲ್ಲಿ ಕೂರಿಗೆಗೆ ಅರಿಸಿನ ಕುಂಕುಮ ಹಚ್ಚಿದಳು. ಹಚ್ಚುವಾಗ ಅವ್ವನ ಮೂಗು ನೆನಪಾಯಿತು. ಈ ಪೂಜೆ ಪ್ರತಿವರ್ಷ ಅವಳೇ ಮಾಡುತ್ತಿದ್ದಳು, ಮಾಡಿ ಹಿಂದಕ್ಕೆ ಸರಿದು ನಿಲ್ಲುತ್ತಿದ್ದಳು. ಇಂದು ಸರಿಯಲಿಲ್ಲ. ರಾಜಬೀ ಬಿಸ್ಮಿಲ್ಲಾ ಎಂದು ಬೀಜ ಮುಷ್ಟಿಗೆ ತುಂಬಿಕೊಂಡಳು. ಸತ್ಯವ್ವಳ ಕೈ ಗೇಣು ದಾಟಿ ಹಿಡಿಕೆಯ ಮೇಲೆ ಕೂತಿತು. ಸಿಡಿಲು ಬಡಿಯಲಿಲ್ಲ, ಬರೀ ಕಟ್ಟಿಗೆ, ಗಂಡಸರ ಅಂಗೈ ಸವೆಸಿ ನುಣುಪು ಮಾಡಿದ ಕಟ್ಟಿಗೆ. ಇಷ್ಟೇನಾ ಎಂದು ಒಂದು ಕ್ಷಣ ಮೋಸವಾದಂತೆ ಅನಿಸಿತು. ಹೋ ಎಂದಳು. ಎತ್ತುಗಳು ಹೆಣ್ಣಿನ ದನಿಗೆ ಕಿವಿ ಅಲುಗಿಸಿದವು, ದಿನಾ ಮೇವು ಹಾಕುವ ದನಿ ಅದು, ನಡೆದವು. ಬದುವಿನ ಮೇಲೆ ಬಂಡೆಪ್ಪ ಬಂದು ನಿಂತಿದ್ದ, ಅವನ ಹಿಂದೆ ಇನ್ನೂ ಕೆಲವರು.

"ವೈನಿ, ಬ್ಯಾಡ್ರಿ. ಅಣ್ಣಗ ಏನ್ ಹೇಳ್ಲಿ ನಾ?"

"ನೋಡಿದ್ದು ಹೇಳು" ಎಂದಳು, ನಿಲ್ಲದೆ.

ಆಗಲೇ ಅವಳು ತಪ್ಪು ಮಾಡುತ್ತಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ. ಕೂರಿಗೆ ಹಿಡಿದವರು ಎದುರಿನ ಕೊನೆಯಲ್ಲಿ ಒಂದು ಗುರುತು ಹಿಡಿದು ಅದನ್ನೇ ನೋಡುತ್ತ ನಡೆಯಬೇಕು. ಇವಳ ಕಣ್ಣು ಎಂದಿನ ರೂಢಿಗೆ ಮತ್ತೆ ಮತ್ತೆ ಪಕ್ಕದ ಬಟ್ಟಲನ್ನೇ ನೋಡುತ್ತಿತ್ತು, ಬೀಜ ಸರಿಯಾಗಿ ಬೀಳುತ್ತಿದೆಯೇ, ಮುಷ್ಟಿ ಬಿಗಿಯಾಯಿತೇ ಎಂದು. ಅಷ್ಟು ವರ್ಷ ನೋಡಿದ್ದು ಅದೊಂದೇ. ಕೊನೆ ಮುಟ್ಟಿ ತಿರುಗಿದಾಗ ಸಾಲು ನಡುವಿನಲ್ಲಿ ಹೊಟ್ಟೆ ಬಿಟ್ಟು ಬದುವಿನ ಕಡೆ ವಾಲಿ ಮತ್ತೆ ಒಳಗೆ ಬಂದಿತ್ತು. ಬದುವಿನ ಮೇಲೆ ನಗೆ ಎದ್ದಿತು. ಅದೇ ನಗೆ. ಅವಳ ಕಿವಿ ಕಾದವು. ಈ ಸಲ ಆ ನಗೆಯೊಳಗೆ ತನ್ನ ದನಿ ಇಲ್ಲವೆಂಬುದಷ್ಟೇ ಸಮಾಧಾನ.

"ಹರಗಿ ಅಳಿಸಿಬಿಡೂಣು, ಮತ್ತ ಹೊಡಿ" ಎಂದಳು ರಾಜಬೀ ಸಣ್ಣದನಿಯಲ್ಲಿ. "ರಸ್ತೆ ಬಾಜೂಕ ಐತಿ. ಹುಟ್ಟಿದ ಮ್ಯಾಲೆ ವರ್ಷಪೂರ್ತಿ ಮಂದಿ ಕಣ್ಣಿಗೆ ಬೀಳತೈತಿ."

ಸತ್ಯವ್ವ ಸಾಲನ್ನು ನೋಡಿದಳು. ಅಳಿಸಬಹುದಿತ್ತು. ಅವ್ವನ ಎರಡು ಸುತ್ತನ್ನೂ ಅಳಿಸಿದ್ದರು, ಮರುದಿನ ಯಾರದೋ ಗಂಡಸಿನ ಕೈಯಿಂದ ಅದರ ಮೇಲೆ ಉತ್ತು. ಅವ್ವ ಉತ್ತಿದ್ದಳು ಎನ್ನಲು ನೆಲದ ಮೇಲೆ ಏನೂ ಉಳಿದಿರಲಿಲ್ಲ, ಚಾವಡಿಯ ನಗೆಯ ಹೊರತು. "ಇರ್ಲಿ ಬಿಡು ಆಪಾ" ಎಂದಳು. "ಬೀಳ್ಲಿ ಕಣ್ಣಿಗೆ." ಎದುರಿನ ಹುಣಸೆಮರವನ್ನು ಗುರುತು ಹಿಡಿದಳು. ಬಟ್ಟಲು ರಾಜಬೀಯದು, ಅವಳು ನೋಡಿಕೊಳ್ಳುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡು ಮುಂದೆ ನೋಡಿದಳು. ಕತ್ತು ಬಟ್ಟಲಿನತ್ತ ಎಳೆಯುತ್ತಿತ್ತು, ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲುಗಳು ನೆಟ್ಟಗಾದವು, ಬದು ಖಾಲಿಯಾಯಿತು. ನೆಟ್ಟಗಿನ ಸಾಲು ನೋಡಲು ಯಾರೂ ನಿಲ್ಲಲಿಲ್ಲ.

ಮಾತಿನಂತೆ ಮರುದಿನ ರಾಜಬೀಯ ಹೊಲದಲ್ಲಿ ರಾಜಬೀಯೇ ಹಿಡಿಕೆ ಹಿಡಿದಳು. ರೋಹಿಣಿ ಬರಲಿಲ್ಲ. ಮೋಡ ಖಾನಾಪುರದ ಕಾಡಿನ ಕಡೆಯಿಂದ ಎದ್ದು ಬಂದು ಬೀಡಿಯ ಮೇಲೆ ನಿಂತು ಹಾಗೇ ಹೋಗುತ್ತಿತ್ತು. ಬಾವಿಯ ಹತ್ತಿರ ಅವಳು ಕೊಡ ಇಟ್ಟೊಡನೆ ಹೆಂಗಸರ ಮಾತು ನಿಲ್ಲುತ್ತಿತ್ತು. ಗಂಡಸರು ಬೈದಿದ್ದರೆ ತಡೆಯಬಹುದಿತ್ತು. ಜೊತೆಯಲ್ಲಿ ಕಳೆ ಕಿತ್ತವರು, ಹೆರಿಗೆಗೆ ಒದಗಿದವರು, ಅವರು ಕೊಡದ ಬಾಯಿಯನ್ನು ನೋಡುತ್ತ ನಿಲ್ಲುವುದು ತಡೆಯಲಾಗುತ್ತಿರಲಿಲ್ಲ. ಸುತ್ತಲಿನ ಮೂರು ಊರಿನ ಹೊಲ ಒಣಗಿದ್ದವು. ಆ ಮೂರೂ ಊರಿನ ಹೆಂಗಸರು ಕೂರಿಗೆ ಹಿಡಿದಿದ್ದರೇ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಕೇಳಲಿಲ್ಲ, ಏಕೆಂದರೆ ತಾನೇ ದಿನಕ್ಕೊಮ್ಮೆ ಹೊಲಕ್ಕೆ ಹೋಗಿ ಮಣ್ಣು ಕೆದರಿ ಬೀಜ ತೆಗೆದು ನೋಡುತ್ತಿದ್ದಳು, ಅದು ತನ್ನ ಮೇಲೆ ಸಿಟ್ಟಾಗಿದೆಯೇ ಎನ್ನುವ ಹಾಗೆ. ಬೀಜ ಬೀಜದಂತೆಯೇ ಇತ್ತು, ಬೂದಿ ಹತ್ತಿ, ಗಟ್ಟಿಯಾಗಿ. ಮತ್ತೆ ಹುಗಿಯುತ್ತಿದ್ದಳು. ಬಂಡೆಪ್ಪ ಒಂದು ದಿನ ಬಾಗಿಲಲ್ಲಿ ನಿಂತು, ಕೂರಿಗೆ ತೊಳೆದು ಊರ ಮುಂದೆ ಅಡ್ಡಬಿದ್ದರೆ ಮುಗಿಯಿತಲ್ಲ ವೈನಿ ಎಂದು ಬೇಡಿಕೊಂಡ. ಆಗ ಅವಳ ಹೆದರಿಕೆಯೊಳಗೆ ಏನೋ ನೆಟ್ಟಗೆ ನಿಂತಿತು. "ಮಳಿ ಬರಲಿ, ಬಿಡಲಿ, ನಾ ಬೀಳಂಗಿಲ್ಲ" ಎಂದಳು. "ನಮ್ಮವ್ವ ಬಿದ್ದದ್ದು ಸಾಕು." ಅವನಿಗೆ ಅರ್ಥವಾಗಲಿಲ್ಲ. ಅಷ್ಟು ಹೇಳಿದ್ದಕ್ಕೆ ಅವಳ ಎದೆ ಹಗುರಾಯಿತು.

ರೋಹಿಣಿ ಕಳೆದು ಮಿರಗದ ಮಳೆ ಬಂತು. ಎಲ್ಲರ ಹೊಲಕ್ಕೂ ಬಂತು, ಬಂಡೆಪ್ಪನದಕ್ಕೂ, ರಾಜಬೀಯದಕ್ಕೂ, ಇವಳದಕ್ಕೂ. ಬಾವಿಯ ಹತ್ತಿರ ಮಾತು ಮೊದಲಿನಂತಾಯಿತು, ಯಾರೂ ಏನೂ ಆಗಿಲ್ಲವೆಂಬಂತೆ ಮಕ್ಕಳ ಜ್ವರದ ಸುದ್ದಿ ಹೇಳಿದರು. ಭತ್ತ ಮೊಳೆಯಿತು. ರಾಜಬೀ ಹೇಳಿದಂತೆಯೇ ಆ ಮೊದಲ ಸಾಲು ರಸ್ತೆಯ ಮಗ್ಗುಲಲ್ಲಿ ಹಸಿರಾಗಿ ಹೊಟ್ಟೆ ಬಿಟ್ಟು ನಿಂತಿತು. ಉಳಿದವೆಲ್ಲ ನೆಟ್ಟಗಿದ್ದುದರಿಂದ ಅದರ ಸೊಟ್ಟ ಇನ್ನಷ್ಟು ಎದ್ದು ಕಾಣುತ್ತಿತ್ತು. ಬಸ್ಸಿನವರು ಕಿಟಕಿಯಿಂದ ಬೆರಳು ತೋರಿಸುತ್ತಿದ್ದರು.

ಹದಿನೈದು ದಿನದ ಸರದಿಯನ್ನು ಒಮ್ಮೆ ತಪ್ಪಿಸಿದ್ದ ಹಣಮಪ್ಪ ಬಂದದ್ದು ಆ ದಿನಗಳಲ್ಲೇ. ಬಸ್ಸಿಳಿದು ಮನೆಗೆ ಹೋಗದೆ ನೇರ ಹೊಲಕ್ಕೆ ಬಂದ. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಿಂತ. ಅವಳು ಕುರ್ಪಿ ಹಿಡಿದು ಕೂತವಳು ತಲೆಯೆತ್ತಿ ನೋಡಿ ಮತ್ತೆ ಕಳೆ ಕೀಳತೊಡಗಿದಳು. ಅವನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಕಣ್ಣು ಹಾಯಿಸಿದ, ಬೆಳೆ ನೋಡುತ್ತಿದ್ದನೋ ಅವಳನ್ನು ನೋಡುತ್ತಿದ್ದನೋ. ಅಷ್ಟರಲ್ಲಿ ರಸ್ತೆಯಲ್ಲಿ ಹೊರಟಿದ್ದ ಎತ್ತಿನ ಗಾಡಿಯೊಂದು ನಿಂತಿತು. ಕಿತ್ತೂರಿನ ಕಡೆಯವನಿರಬೇಕು, ಈ ಊರಿನ ಸುದ್ದಿ ತಿಳಿಯದವನು. ಹಗ್ಗ ಜಗ್ಗಿ ಹಿಡಿದು ನಗುತ್ತ ಕೂಗಿದ: "ಏನ್ರಿ ಯಜಮಾನ್ರ, ಈ ಸಾಲು ಯಾರ್ ಹೊಡದಾರ? ಕುಡದಿದ್ರೇನು?"

ಹಣಮಪ್ಪನ ಬಾಯಿ ತೆರೆಯಿತು. ಆ ತೆರೆದ ಬಾಯಿಯನ್ನು ಅವಳು ನೋಡಿದಳು. ಯಾರೂ ಇಲ್ಲ ಎಂದರೂ ಅನ್ನಬಹುದು, ತಮ್ಮ ಎಂದರೂ ಅನ್ನಬಹುದು, ಒಳ್ಳೆಯ ಮಾತನ್ನೇ ಆಡಿದರೂ ಆಡಬಹುದು. ಅದು ಏನಾಗುತ್ತದೆಂದು ಕಾಯುವುದು ಸಾಕೆನಿಸಿತು. ಕುರ್ಪಿ ಹಿಡಿದೇ ಎದ್ದು ನಿಂತಳು.

"ನಾ ಹೊಡದೀನಿ" ಎಂದು ರಸ್ತೆಗೆ ಕೇಳುವಂತೆ ಕೂಗಿದಳು. "ಕುಡದಿಲ್ಲ, ಮೊದಲನೇ ಸಾಲು ಅದು. ಉಳದ ಸಾಲೂ ನಾನ ಹೊಡದೀನಿ. ನಗೂದಾದ್ರ ಅವನ್ನೂ ನೋಡಿ ನಗು."

ಗಾಡಿಯವನು ಅವಳನ್ನು ನೋಡಿದ, ಬದುವಿನ ಮೇಲಿದ್ದ ಗಂಡಸನ್ನು ನೋಡಿದ, ಆಮೇಲೆ ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನಗಲಿಲ್ಲ. ಎತ್ತಿಗೆ ಹೋ ಎಂದ. ಗಾಡಿ ಮರೆಯಾದ ಮೇಲೂ ಹಣಮಪ್ಪ ಅಲ್ಲಿಯೇ ನಿಂತಿದ್ದ. ಆಮೇಲೆ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಕೆಳಗಿಳಿದ. ಎಲ್ಲಿ ಕೂರಲಿ ಎಂಬಂತೆ ಅವಳ ಮುಖ ನೋಡಿದ.

ಸತ್ಯವ್ವ ಸೊಟ್ಟ ಸಾಲಿನತ್ತ ಕೈ ತೋರಿಸಿದಳು. "ಅಲ್ಲಿಂದ ಹಿಡೀರಿ" ಎಂದಳು. "ಕಳೆ ಅಂತ ಭತ್ತ ಕಿತ್ತೀರಿ ಮತ್ತ, ನೋಡಿ ಕೀಳ್ರಿ."